ದಾರಿಗೆ ಅಡ್ಡಬಂದ ಮದ್ದಿನ ಮನೆ

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಬರುವ ಪ್ರಯಾಣಿಕರಿಗೆ ಶ್ರೀರಂಗಪಟ್ಟಣವೆಂದರೆ ಊರು ಸಮೀಪಿಸಿತೆಂಬ ಸೂಚನೆ. ಕಾವೇರಿಯ ಸೇತುವೆಯ ಮೇಲೆ ಗಾಡಿಯ ಸದ್ದು ಬದಲಾಯಿತೆಂದರೆ ತೂಕಡಿಸುತ್ತಿದ್ದವರು ಎದ್ದು ಕುಳಿತು ತಮ್ಮ ಗಂಟುಮೂಟೆಗಳನ್ನು ಸರಿಮಾಡಿಕೊಳ್ಳುವರು. ಕಿಟಕಿಯ ಹೊರಗೆ ಕೋಟೆಯ ಗೋಡೆಯೂ ರಂಗನಾಥಸ್ವಾಮಿಯ ಗೋಪುರವೂ ಕಂಡು ಮರೆಯಾಗುವವು. ಈ ಅವಸರದಲ್ಲಿ, ನಿಲ್ದಾಣದ ಬಳಿ ತಾವು ಕುಳಿತ ಗಾಡಿಯು ಯಾವ ನೆಲದ ಮೇಲೆ ಹಾದುಹೋಗುತ್ತಿದೆಯೆಂಬುದನ್ನು ವಿಚಾರಿಸುವವರು ವಿರಳ. ೨೦೧೭ನೆಯ ಇಸವಿಯ ಮಾರ್ಚಿ ತಿಂಗಳವರೆಗೆ ಅಲ್ಲಿ ಟಿಪ್ಪು ಸುಲ್ತಾನನ ಕಾಲದ ಒಂದು ಮದ್ದಿನ ಮನೆಯಿತ್ತು. ಅದನ್ನು ಕೆಡವಲಿಲ್ಲ, ಬಿಚ್ಚಲೂ ಇಲ್ಲ. ನಿಂತ ಕಟ್ಟಡವನ್ನು ನಿಂತಂತೆಯೇ ನೆಲದಿಂದ ಮೇಲೆತ್ತಿ, ನೂರು ಮೀಟರಿಗೂ ಮಿಕ್ಕ ದೂರ ಸಾಗಿಸಿ, ಮತ್ತೊಂದೆಡೆ ಇಳಿಸಿದರು. ಈ ಕಾರ್ಯವು ನಡೆದಾಗ ಅದನ್ನೊಂದು ಸೋಜಿಗವೆಂದು ಎಲ್ಲರೂ ನೋಡಿದರು, ಅನಂತರ ಮರೆತರು. ಇದು ಮರೆಯತಕ್ಕ ಸಂಗತಿಯಲ್ಲವೆಂದು ನಮ್ಮ ಅಭಿಪ್ರಾಯ. ಇದರಲ್ಲಿ ನಮ್ಮ ನಾಡು ಮೆಚ್ಚಿಕೊಳ್ಳತಕ್ಕ ಅಂಶವೊಂದುಂಟು, ನಾಚಿಕೊಳ್ಳತಕ್ಕ ಅಂಶವೂ ಒಂದುಂಟು.

ಮೊದಲು ಆ ಕಟ್ಟಡದ ವಿಚಾರ. ಶ್ರೀರಂಗಪಟ್ಟಣದ ಕೋಟೆಯೊಳಗೆ ಸಿಡಿಮದ್ದನ್ನೂ ಯುದ್ಧಸಾಮಗ್ರಿಯನ್ನೂ ಕೂಡಿಡುವುದಕ್ಕಾಗಿ ಕಟ್ಟಿದ ಇಂಥ ಹಲವು ಮನೆಗಳು ಅಲ್ಲಲ್ಲಿ ಚದುರಿವೆ. ಇಂದಿನ ದಾಖಲೆಗಳಲ್ಲಿ ಇವಕ್ಕೆ ಶಸ್ತ್ರಾಗಾರಗಳೆಂದು ಹೆಸರು. ಇಟ್ಟಿಗೆ ಗಾರೆಗಳ ದಪ್ಪನಾದ ಗೋಡೆ, ಕಡಿಮೆ ಬಾಗಿಲು, ಅರ್ಧಭಾಗ ನೆಲದೊಳಗೆ ಹುದುಗಿದ ಒಡಲು: ಇದು ಇವುಗಳ ರಚನೆ. ನೋಡುವುದಕ್ಕೆ ಇವು ಸುಂದರವಲ್ಲ. ದರಿಯಾ ದೌಲತ್ ಅರಮನೆಯ ಚಿತ್ರಗಳಾಗಲಿ ಗುಂಬಜಿನ ಗಾಂಭೀರ್ಯವಾಗಲಿ ಇವಕ್ಕಿಲ್ಲ. ಆದರೆ ಕಟ್ಟಿದವರ ಬುದ್ಧಿಯನ್ನು ಇವು ಚೆನ್ನಾಗಿ ತೋರಿಸುತ್ತವೆ. ಮದ್ದನ್ನೆಲ್ಲ ಒಂದೇ ಕಡೆ ಇಟ್ಟರೆ ಒಂದು ಕಿಡಿಗೆ ಎಲ್ಲವೂ ನಾಶವಾಗುವುದು. ಆದಕಾರಣ ಬೇರೆಬೇರೆ ಕಡೆ ಹಂಚಿಡಬೇಕು. ಸಿಡಿದರೆ ಅದರ ಹೊಡೆತವು ಸುತ್ತಲಿನವರಿಗೆ ತಟ್ಟಬಾರದು. ಆದಕಾರಣ ನೆಲದೊಳಗೆ ಇಳಿಸಿ ದಪ್ಪ ಗೋಡೆಯಿಂದ ಸುತ್ತುವರಿಯಬೇಕು. ಇಂಥ ಭಯವು ಬರಿಯ ಊಹೆಯಾಗಿರಲಿಲ್ಲ. ೧೭೯೯ರ ಮೇ ೨ರಂದು, ಪಟ್ಟಣವು ಬೀಳುವುದಕ್ಕೆ ಎರಡು ದಿನ ಮೊದಲು, ಮುತ್ತಿಗೆಯ ಸೈನ್ಯದ ಗುಂಡೊಂದು ಕೋಟೆಯೊಳಗೆ ರಾಕೆಟ್ಟುಗಳನ್ನಿಟ್ಟಿದ್ದ ಒಂದು ಉಗ್ರಾಣಕ್ಕೆ ತಗಲಿ ಅದು ಸಿಡಿಯಿತೆಂದು ಚರಿತ್ರೆಯು ಹೇಳುತ್ತದೆ. ಮೈಸೂರಿನ ಆ ಕಬ್ಬಿಣದ ರಾಕೆಟ್ಟುಗಳನ್ನು ನೋಡಿಯೇ ಇಂಗ್ಲೆಂಡಿನ ಕಾಂಗ್ರೀವನು ತನ್ನ ರಾಕೆಟ್ಟುಗಳನ್ನು ರೂಪಿಸಹೊರಟನು. ಹೀಗೆ ಲೋಕದ ಯುದ್ಧವಿದ್ಯೆಯ ಚರಿತ್ರೆಯಲ್ಲಿ ಈ ಊರಿಗೆ ಒಂದು ಸ್ಥಾನವುಂಟು. ಆ ಸ್ಥಾನಕ್ಕೆ ಇಟ್ಟಿಗೆಯ ಸಾಕ್ಷಿಯಾಗಿ ನಿಂತಿರುವ ಕೆಲವೇ ಕಟ್ಟಡಗಳಲ್ಲಿ ಈ ಮದ್ದಿನ ಮನೆಗಳು ಸೇರಿವೆ.

ಇನ್ನು ರೈಲಿನ ವಿಚಾರ. ೧೮೭೬ರಿಂದ ೧೮೭೮ರವರೆಗಿನ ಘೋರ ಕ್ಷಾಮದಲ್ಲಿ ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನ ಮಡಿದರು. ಒಂದು ಸೀಮೆಯಿಂದ ಮತ್ತೊಂದು ಸೀಮೆಗೆ ಧಾನ್ಯವನ್ನು ಬೇಗ ಸಾಗಿಸಬಲ್ಲ ಸಾಧನವಿಲ್ಲದಿದ್ದುದು ಆ ಅನಾಹುತವು ಹೆಚ್ಚುವುದಕ್ಕೆ ಒಂದು ಕಾರಣ. ಆ ಪಾಠವನ್ನು ಕಲಿತೇ ಸಂಸ್ಥಾನದವರು ಬೆಂಗಳೂರು ಮೈಸೂರುಗಳ ನಡುವೆ ಮೀಟರ್ ಗೇಜಿನ ದಾರಿಯನ್ನು ಹಾಕಲು ತೊಡಗಿದರು. ೧೮೮೧ರಲ್ಲಿ ರಾಜ್ಯವು ಚಾಮರಾಜೇಂದ್ರ ಒಡೆಯರವರ ಕೈಗೆ ಮರಳಿತು. ದಿವಾನ್ ರಂಗಾಚಾರ್ಲುರವರ ಆಡಳಿತಕಾಲದಲ್ಲಿ, ೧೮೮೨ರಲ್ಲಿ, ಉಗಿಬಂಡಿಯು ಮೈಸೂರನ್ನು ಮುಟ್ಟಿತು. ಹಸಿದವರಿಗೆ ಅನ್ನ ಮುಟ್ಟಿಸುವ ಸಂಕಲ್ಪದಿಂದ ಹುಟ್ಟಿದ ಆ ದಾರಿಯು ಶ್ರೀರಂಗಪಟ್ಟಣದ ದ್ವೀಪವನ್ನೂ ಕೋಟೆಯನ್ನೂ ಹಾಯ್ದು ಬಂದಿತು. ೧೯೯೦ರ ದಶಕದಲ್ಲಿ ಅದು ಬ್ರಾಡ್ ಗೇಜ್ ಆಯಿತು. ಆದರೆ ಜನಸಂಖ್ಯೆ ಬೆಳೆದು, ವ್ಯಾಪಾರ ಉದ್ಯೋಗಗಳು ಬೆಳೆದು, ದಿನಬೆಳಗಾದರೆ ಎರಡೂ ನಗರಗಳ ನಡುವೆ ಓಡಾಡುವ ನೌಕರರು ಬೆಳೆದರೂ, ಎದುರಿನಿಂದ ಬರುವ ಗಾಡಿಗಾಗಿ ನಿಲ್ದಾಣದಲ್ಲಿ ಕಾದು ನಿಲ್ಲುವ ಒಂಟಿ ಹಳಿಯ ಕಷ್ಟವು ಬಹುಕಾಲ ತಪ್ಪಲಿಲ್ಲ. ಆದ್ದರಿಂದ ಜೋಡಿ ಹಳಿಯ ಯೋಜನೆಯು ಹೊರಟಿತು. ಬೆಂಗಳೂರಿನ ಕಡೆಯಿಂದಲೂ ಮೈಸೂರಿನ ಕಡೆಯಿಂದಲೂ ಕೆಲಸ ಸಾಗಿ ಬಂದು, ಶ್ರೀರಂಗಪಟ್ಟಣದ ಬಳಿ ಮದ್ದಿನ ಮನೆಯ ಮುಂದೆ ನಿಂತುಬಿಟ್ಟಿತು. ಸುಮಾರು ೧೩೮ ಕಿಲೋಮೀಟರ್ ಉದ್ದದ ದಾರಿಯು ಒಂದು ಸಣ್ಣ ಕಟ್ಟಡಕ್ಕಾಗಿ ವರ್ಷಗಟ್ಟಲೆ ಅಪೂರ್ಣವಾಗಿ ಉಳಿಯಿತು.

ಹಿಂದಿನ ಕಾಲದಲ್ಲಾಗಿದ್ದರೆ ಈ ಪ್ರಶ್ನೆಯು ಒಂದು ದಿವಸದಲ್ಲಿ ತೀರಿಹೋಗುತ್ತಿತ್ತು. ಹೇಗೆಂಬುದಕ್ಕೆ ಹರಪ್ಪದ ವೃತ್ತಾಂತವೇ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದ ನಡುವೆ ಲಾಹೋರಿನಿಂದ ಮುಲ್ತಾನಿಗೆ ರೈಲುದಾರಿಯನ್ನು ಹಾಕುತ್ತಿದ್ದ ಎಂಜಿನಿಯರುಗಳಿಗೆ ಹಳಿಯ ಕೆಳಗೆ ಹರಡಲು ಜಲ್ಲಿ ಬೇಕಾಯಿತು. ಆ ಬಯಲು ಸೀಮೆಯಲ್ಲಿ ಕಲ್ಲು ದುರ್ಲಭ. ಹತ್ತಿರದ ಹಾಳುದಿಬ್ಬದಲ್ಲಿ ಚೆನ್ನಾಗಿ ಬೆಂದ ಇಟ್ಟಿಗೆಗಳು ರಾಶಿರಾಶಿಯಾಗಿ ದೊರೆತವು. ಗುತ್ತಿಗೆದಾರರು ಅಗೆದು ಸಾಗಿಸಿದರು. ಸುಮಾರು ನೂರು ಮೈಲಿಗಳ ದಾರಿಗೆ ಆ ಇಟ್ಟಿಗೆಗಳೇ ಸಾಕಾದವೆಂದು ಅಲೆಕ್ಸಾಂಡರ್ ಕನಿಂಗ್‌ಹ್ಯಾಮ್ ಬರೆದಿಟ್ಟಿದ್ದಾರೆ. ಅದು ಯಾರ ಊರು, ಎಷ್ಟು ಹಳೆಯದು ಎಂದು ಆಗ ಯಾರಿಗೂ ತಿಳಿಯದು. ೧೯೨೧ರಲ್ಲಿ ದಯಾರಾಮ ಸಾಹನಿಯವರು ಅಲ್ಲಿ ಅಗೆತಕ್ಕೆ ತೊಡಗಿ, ೧೯೨೪ರಲ್ಲಿ ಜಾನ್ ಮಾರ್ಷಲರು ಲೋಕಕ್ಕೆ ತಿಳಿಸಿದ ಮೇಲೆ, ಅದು ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಮಹಾನಗರವೆಂದು ಗೊತ್ತಾಯಿತು. ಅಷ್ಟು ಹೊತ್ತಿಗೆ ಆ ನಗರದ ಬಹುಭಾಗವು ಗಾಡಿಯ ಚಕ್ರದ ಅಡಿಯಲ್ಲಿ ಪುಡಿಯಾಗಿತ್ತು. ಭರತಖಂಡದ ಮೊದಲ ನಾಗರಿಕತೆಯ ಇಟ್ಟಿಗೆಯನ್ನು ಜಲ್ಲಿಯಾಗಿ ಹರಡಿದ ಆ ಕಾರ್ಯವನ್ನು ದ್ವೇಷದಿಂದ ಯಾರೂ ಮಾಡಲಿಲ್ಲ. ಅಜ್ಞಾನದಿಂದ ಮಾಡಿದರು, ಅವಸರದಿಂದ ಮಾಡಿದರು. ಪುರಾತನ ವಸ್ತುಗಳ ಶತ್ರುಗಳಲ್ಲಿ ದ್ವೇಷಕ್ಕಿಂತ ಈ ಎರಡೇ ಪ್ರಬಲವೆಂಬುದನ್ನು ನಮ್ಮ ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು.

ಮೈಸೂರು ಸಂಸ್ಥಾನವು ಈ ವಿಷಯದಲ್ಲಿ ಬೇಗ ಎಚ್ಚೆತ್ತಿತೆಂದು ಹೇಳಲು ನಮಗೆ ಅಭಿಮಾನವಾಗುತ್ತದೆ. ೧೮೮೨ರಲ್ಲಿ ಮೈಸೂರಿಗೆ ರೈಲು ಬಂದಿತು. ಮೂರೇ ವರ್ಷಗಳ ಅನಂತರ, ೧೮೮೫ರಲ್ಲಿ, ಸಂಸ್ಥಾನದಲ್ಲಿ ಪ್ರಾಚ್ಯಸಂಶೋಧನ ಇಲಾಖೆಯು ಸ್ಥಾಪಿತವಾಯಿತು. ಬಿ. ಎಲ್. ರೈಸ್, ಆರ್. ನರಸಿಂಹಾಚಾರ್, ಆರ್. ಶಾಮಶಾಸ್ತ್ರಿ, ಎಂ. ಎಚ್. ಕೃಷ್ಣ ಮುಂತಾದ ವಿದ್ವಾಂಸರು ಆ ಇಲಾಖೆಯ ಹೊಣೆಯನ್ನು ಹೊತ್ತು, ಹಳ್ಳಿಹಳ್ಳಿಗೆ ಹೋಗಿ ಶಾಸನಗಳನ್ನು ಓದಿ, ಗುಡಿಗಳನ್ನು ವರ್ಣಿಸಿ, ನಾಡಿನ ಚರಿತ್ರೆಗೆ ಬುನಾದಿ ಹಾಕಿದರು. ಹೊಸದನ್ನು ಹಾಕುವ ಕೈಯೂ ಹಳೆಯದನ್ನು ಕಾಯುವ ಕೈಯೂ ಒಂದೇ ಸರ್ಕಾರಕ್ಕೆ ಇರಬೇಕೆಂಬ ತಿಳಿವಳಿಕೆಯು ಅಂದಿನವರಿಗೆ ಇತ್ತು. ಸ್ವಾತಂತ್ರ್ಯಾನಂತರ ಬಂದ ೧೯೫೮ರ ಕೇಂದ್ರ ಶಾಸನವೂ ೧೯೬೧ರ ರಾಜ್ಯ ಶಾಸನವೂ ಈ ತಿಳಿವಳಿಕೆಗೆ ಕಾನೂನಿನ ಬಲವನ್ನು ಕೊಟ್ಟವು. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ ೧೦೦ ಮೀಟರಿನೊಳಗೆ ಹೊಸ ಕಟ್ಟಡವು ಕೂಡದು, ಅದರಾಚೆ ೨೦೦ ಮೀಟರಿನವರೆಗೆ ಅನುಮತಿಯಿಲ್ಲದೆ ಕಟ್ಟಕೂಡದು ಎಂಬುದನ್ನು ೨೦೧೦ರ ತಿದ್ದುಪಡಿಯು ಶಾಸನದಲ್ಲಿಯೇ ಸೇರಿಸಿತು. ನಮ್ಮ ಮದ್ದಿನ ಮನೆಯು ರಾಜ್ಯದ ಪುರಾತತ್ತ್ವ ಇಲಾಖೆಯ ರಕ್ಷಣೆಗೆ ಸೇರಿದುದು. ರೈಲ್ವೆಯವರು ಅದನ್ನು ತಾವಾಗಿ ಕೆಡವುವಂತಿರಲಿಲ್ಲ. ಇಲಾಖೆಯವರು ಲಕ್ಷಾಂತರ ಪ್ರಯಾಣಿಕರ ಕಷ್ಟಕ್ಕೆ ಕಿವುಡಾಗುವಂತೆಯೂ ಇರಲಿಲ್ಲ. ಹೀಗೆ ಎರಡು ಸಾರ್ವಜನಿಕ ಕರ್ತವ್ಯಗಳು ಎದುರುಬದುರಾಗಿ ನಿಂತವು.

ಇಂಥ ಸಂದರ್ಭದಲ್ಲಿ ಮೂರು ಮಾರ್ಗಗಳುಂಟು: ಕಟ್ಟಡವನ್ನು ತೆಗೆಯುವುದು, ದಾರಿಯನ್ನು ತಿರುಗಿಸುವುದು, ಇಲ್ಲವೆ ಕಟ್ಟಡವನ್ನು ಸರಿಸುವುದು. ದಾರಿಯನ್ನೇಕೆ ತಿರುಗಿಸಬಾರದೆಂದು ಸಾಮಾನ್ಯರು ಕೇಳುವುದು ಸಹಜ. ಎತ್ತಿನ ಗಾಡಿಯಾದರೆ ಮರವೊಂದು ಅಡ್ಡಬಂದಾಗ ಪಕ್ಕಕ್ಕೆ ಹೊರಳಿ ಹೋಗಬಹುದು. ಸಾವಿರಾರು ಟನ್ ಭಾರದ ಗಾಡಿಯು ವೇಗದಿಂದ ಬರುವಾಗ ಹಾಗೆ ಹೊರಳಲಾರದು. ಹಳಿಯ ತಿರುವು ಎಷ್ಟು ನಿಧಾನವಾಗಿ ಬಾಗಿದರೆ ಅಷ್ಟು ವೇಗವು ಸಾಧ್ಯ. ಬಿಗಿಯಾಗಿ ಬಾಗಿದರೆ ಗಾಡಿಯು ನಿಧಾನವಾಗಬೇಕು, ಇಲ್ಲವೆ ಅಪಾಯ. ಇಲ್ಲಿಯಾದರೋ ದ್ವೀಪದ ಇಕ್ಕೆಲಗಳಲ್ಲಿಯೂ ಕಾವೇರಿ. ಸೇತುವೆಗಳ ಸ್ಥಾನವೂ ನಿಲ್ದಾಣದ ಸ್ಥಾನವೂ ಮೊದಲೇ ನಿಶ್ಚಿತ. ಹಳಿಯನ್ನು ಒಂದು ಕಡೆಗೆ ಸರಿಸಿದರೆ ಇಂಥದೇ ಮತ್ತೊಂದು ಪುರಾತನ ಅವಶೇಷಕ್ಕೆ ಅದು ತಗಲುವ ಸಂಭವವುಳ್ಳ ಊರು ಅದು. ಕಡೆಗೆ ಮೂರನೆಯ ಮಾರ್ಗವೇ ನಿಶ್ಚಯವಾಯಿತು.

ಸರಿಸುವುದೆಂದರೇನು? ಕಲ್ಲಿನ ಗುಡಿಯನ್ನು ಸರಿಸಿದ ನಿದರ್ಶನವು ನಮ್ಮ ಮೈಸೂರಿನ ಮಗ್ಗುಲಲ್ಲಿಯೇ ಇದೆ. ಸರ್ ಎಂ. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರಾಗಿದ್ದಾಗ, ೧೯೧೧ರಲ್ಲಿ, ಮೊದಲಾದ ಕೃಷ್ಣರಾಜಸಾಗರದ ನೀರಿನಲ್ಲಿ ಹಳೆಯ ಕನ್ನಂಬಾಡಿಯ ಊರು ಮುಳುಗಿತು. ಊರಿನೊಡನೆ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿಯ ದೇವಾಲಯವೂ ಮುಳುಗಿತು. ಮಳೆಯಿಲ್ಲದ ವರ್ಷಗಳಲ್ಲಿ ಮಾತ್ರ ಅದರ ಗೋಡೆಗಳು ನೀರಿನಿಂದ ತಲೆಯೆತ್ತುತ್ತಿದ್ದವು. ಈ ಶತಮಾನದ ಮೊದಲ ದಶಕದಲ್ಲಿ ಖೋಡೆ ಪ್ರತಿಷ್ಠಾನದವರು ಅದರ ಕಲ್ಲುಗಳಿಗೆ ಒಂದೊಂದಾಗಿ ಗುರುತು ಹಾಕಿಸಿ, ಬಿಚ್ಚಿ ತಂದು, ಜಲಾಶಯದ ದಡದಲ್ಲಿ ಮತ್ತೆ ಜೋಡಿಸುವ ಕಾರ್ಯವನ್ನು ಕೈಗೊಂಡರು. ಕಲ್ಲಿನ ಮೇಲೆ ಕಲ್ಲನ್ನು ಗಾರೆಯಿಲ್ಲದೆ ಕೂರಿಸಿದ ಗುಡಿಗೆ ಇದು ಸಾಧ್ಯ. ಹಾಗೆ ಕಟ್ಟಿದುದನ್ನು ಹಾಗೆಯೇ ಬಿಚ್ಚಬಹುದು. ಇಟ್ಟಿಗೆ ಗಾರೆಗಳ ಮದ್ದಿನ ಮನೆಗೆ ಈ ವಿಧಾನವು ನಡೆಯದು. ಅಲ್ಲಿ ಎರಡು ಶತಮಾನಗಳಲ್ಲಿ ಸುಣ್ಣವು ಇಟ್ಟಿಗೆಯೊಡನೆ ಬೆರೆತು ಒಂದೇ ಗಟ್ಟಿಯಾಗಿದೆ. ಬಿಚ್ಚಹೊರಟರೆ ದೊರೆಯುವುದು ಚೂರು. ಚೂರಿನಿಂದ ಕಟ್ಟಿದುದು ಹೊಸ ಕಟ್ಟಡವಾಗುವುದೇ ಹೊರತು ಹಳೆಯದಲ್ಲ. ಆದಕಾರಣ ಇಡೀ ಕಟ್ಟಡವನ್ನೇ ಎತ್ತಬೇಕಾಯಿತು. ಅದರ ಭಾರವಾದರೋ ಸುಮಾರು ೧೦೦೦ ಟನ್.

ಇಟ್ಟಿಗೆಯ ಗೋಡೆಯ ಸ್ವಭಾವವನ್ನು ಮನೆ ಕಟ್ಟಿಸಿದ ಪ್ರತಿಯೊಬ್ಬ ಗೃಹಸ್ಥನೂ ಬಲ್ಲ. ಮೇಲಿನಿಂದ ಎಷ್ಟು ಭಾರವನ್ನು ಹೇರಿದರೂ ಅದು ತಾಳುತ್ತದೆ. ಆದರೆ ಒಂದು ಮೂಲೆಯ ತಳಪಾಯವು ಸ್ವಲ್ಪ ಕುಗ್ಗಿದರೆ ಮೇಲೆ ಬಿರುಕು ಬಿಡುತ್ತದೆ. ಒತ್ತಡವನ್ನು ಸಹಿಸುವ ಇಟ್ಟಿಗೆಯು ಎಳೆತವನ್ನು ಸಹಿಸಲಾರದು. ಇಂಥ ಕಟ್ಟಡವನ್ನು ಎತ್ತುವ ವಿದ್ಯೆಯ ಗುಟ್ಟೆಲ್ಲ ಇಲ್ಲಿಯೇ ಇದೆ. ಕಟ್ಟಡದ ಸುತ್ತಲೂ ಕೆಳಗೂ ಮಣ್ಣನ್ನು ಸ್ವಲ್ಪಸ್ವಲ್ಪವಾಗಿ ತೆಗೆದು, ಗೋಡೆಗಳ ಅಡಿಯಲ್ಲಿ ಉಕ್ಕಿನ ತೊಲೆಗಳನ್ನು ಅಡ್ಡಡ್ಡವಾಗಿ ತೂರಿಸಿ, ಅವುಗಳ ಕೆಳಗೆ ದ್ರವದ ಒತ್ತಡದಿಂದ ಏಳುವ ಜಾಕಿಗಳನ್ನು ನಿಲ್ಲಿಸುವರು. ಆ ಜಾಕಿಗಳೆಲ್ಲವೂ ಏಕಕಾಲದಲ್ಲಿ ಏಕಪ್ರಮಾಣದಲ್ಲಿ ಏಳಬೇಕು. ಒಂದು ಮೂಲೆಯಲ್ಲಿ ಭಾರವು ಹೆಚ್ಚಿರಲಿ, ಮತ್ತೊಂದರಲ್ಲಿ ಕಡಿಮೆಯಿರಲಿ, ಏಳುವ ಎತ್ತರವು ಮಾತ್ರ ಒಂದೇ ಆಗಿರಬೇಕು. ಎದ್ದಷ್ಟೂ ಕೆಳಗೆ ಮರದ ದಿಮ್ಮಿಗಳನ್ನು ಅಟ್ಟಣೆಯಾಗಿ ಜೋಡಿಸಿ ಆಧಾರ ಕೊಡುತ್ತ ಬರಬೇಕು. ಹೀಗೆ ಕಟ್ಟಡವು ತನ್ನ ಹಳೆಯ ನೆಲವನ್ನು ಬಿಟ್ಟು ಉಕ್ಕಿನ ತೊಲೆಗಳ ಮೇಲೆ ಕುಳಿತುಕೊಂಡ ಬಳಿಕ ಸಾಗಣೆ. ಸಾಗಣೆಯೆಂದರೆ ನಡೆಯುವವನ ವೇಗವೂ ಅಲ್ಲ, ಕಣ್ಣಿಗೆ ಕಂಡೂ ಕಾಣದಂಥ ವೇಗ. ತೇರನ್ನೆಳೆದು ಬಲ್ಲ ನಮ್ಮ ಜನಕ್ಕೆ ಇದು ತೀರ ಹೊಸದೇನಲ್ಲ. ಸನ್ನೆಗೋಲು ಹಾಕುವವನು ಅರ್ಧ ಗೇಣು ತಪ್ಪಿದರೆ ತೇರಿನ ಗತಿಯೇನೆಂಬುದನ್ನು ಅವರು ಬಲ್ಲರು. ಇಲ್ಲಿ ಕೂದಲೆಳೆಯಷ್ಟು ತಪ್ಪೂ ಕೂಡದು.

ಈ ಕೆಲಸವನ್ನು ಅಮೆರಿಕಾ ದೇಶದ ವುಲ್ಫ್ ಎಂಬ ಸಂಸ್ಥೆಯವರು ದೆಹಲಿಯ ಪಿ. ಎಸ್. ಎಲ್. ಎಂಜಿನಿಯರಿಂಗ್ ಸಂಸ್ಥೆಯೊಡನೆ ಕೂಡಿ ನಿರ್ವಹಿಸಿದರು. ವೆಚ್ಚವು ಹತ್ತು ಕೋಟಿ ರೂಪಾಯಿಗಳನ್ನು ಮೀರಿತು. ೨೦೧೭ರ ಮಾರ್ಚಿಯಲ್ಲಿ ಮದ್ದಿನ ಮನೆಯು ಹೊಸ ಸ್ಥಾನವನ್ನು ಸೇರಿತು. ತೆರವಾದ ನೆಲದಲ್ಲಿ ಹಳಿ ಬಿದ್ದಿತು. ೨೦೧೮ರ ಫೆಬ್ರವರಿ ೧೯ರಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಮೈಸೂರಿನಲ್ಲಿ ಜೋಡಿ ಹಳಿಯ, ವಿದ್ಯುತ್ತಿನ ದಾರಿಯನ್ನು ಲೋಕಾರ್ಪಣ ಮಾಡಿದರು. ೨೦೨೨ರ ನವೆಂಬರಿನಲ್ಲಿ ಮೈಸೂರಿಗೂ ಚೆನ್ನೈಗೂ ನಡುವೆ ಆರಂಭವಾದ ವಂದೇ ಭಾರತ್ ಗಾಡಿಯೂ ಈ ದಾರಿಯಿಂದಲೇ ಓಡುತ್ತದೆ.

ಹೊರದೇಶಗಳಲ್ಲಿ ಇಂಥ ಕಾರ್ಯಗಳು ನಡೆದುದುಂಟು. ಈಜಿಪ್ಟಿನ ಅಬು ಸಿಂಬೆಲ್ ದೇವಾಲಯಗಳನ್ನು ಅಸ್ವಾನ್ ಅಣೆಕಟ್ಟಿನ ನೀರಿನಿಂದ ತಪ್ಪಿಸಲು ೧೯೬೪ರಿಂದ ೧೯೬೮ರವರೆಗೆ ಬಂಡೆಬಂಡೆಯಾಗಿ ಕೊಯ್ದು ಸುಮಾರು ೬೫ ಮೀಟರ್ ಎತ್ತರದಲ್ಲಿ ಮತ್ತೆ ನಿಲ್ಲಿಸಿದರು. ಜೆಕೊಸ್ಲೊವಾಕಿಯಾದ ಮೋಸ್ಟ್ ಎಂಬ ಊರಿನಲ್ಲಿ ಕಲ್ಲಿದ್ದಲಿನ ಗಣಿಗಾಗಿ ಹಳೆಯ ಪಟ್ಟಣವನ್ನೆಲ್ಲ ಕೆಡವಿದಾಗ, ಅಲ್ಲಿಯ ಮಹಾ ಚರ್ಚೊಂದನ್ನು ಮಾತ್ರ ೧೯೭೫ರಲ್ಲಿ ಹಳಿಗಳ ಮೇಲೆ ಏರಿಸಿ, ಸುಮಾರು ಒಂದು ತಿಂಗಳ ಅವಧಿಯಲ್ಲಿ, ೮೪೧ ಮೀಟರ್ ದೂರ ಸಾಗಿಸಿದರು. ಗಣಿಗಾಗಿ ಸಾಗಿದ ಚರ್ಚನ್ನು ಹೊತ್ತದ್ದು ಹಳಿ. ಹಳಿಗಾಗಿ ಸಾಗಿದ್ದು ನಮ್ಮ ಮದ್ದಿನ ಮನೆ. ಆದರೆ ಮೋಸ್ಟ್ ಊರಿನ ಕಥೆಯಲ್ಲಿ ಒಂದು ಎಚ್ಚರಿಕೆಯೂ ಅಡಗಿದೆ. ಚರ್ಚು ಉಳಿಯಿತು; ಅದಕ್ಕೆ ಅರ್ಥ ಕೊಟ್ಟ ಊರು ಉಳಿಯಲಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಸ್ಮಾರಕವೆಂದರೆ ಇಟ್ಟಿಗೆ ಮಾತ್ರವೇ? ಅದು ನಿಂತ ಸ್ಥಳವೂ ಅದರ ಅಂಗವಲ್ಲವೇ? ಮದ್ದಿನ ಮನೆಯನ್ನು ಕಟ್ಟಿದವನು ಕೋಟೆಯ ಗೋಡೆಗೆ ಇಷ್ಟು ದೂರ, ನೆರೆಯ ಮದ್ದಿನ ಮನೆಗೆ ಇಷ್ಟು ದೂರ ಎಂದು ಎಣಿಸಿಯೇ ಅಲ್ಲಿ ಕಟ್ಟಿದ್ದಾನು. ಕಟ್ಟಡವನ್ನು ಸರಿಸಿದರೆ ಆ ಲೆಕ್ಕವು ಅಳಿಸಿಹೋಗುವುದು. ನೆಲದೊಳಗೆ ಹುದುಗಿ ನಿಂತದ್ದನ್ನು ಬೇರೆಡೆ ಕೂರಿಸಿದರೆ ಅದು ಎದುರಿಗಿಟ್ಟ ವಸ್ತುವಾಗುವುದು. ಈ ಆಕ್ಷೇಪವು ಸತ್ಯವೆಂದು ನಾವು ಒಪ್ಪುತ್ತೇವೆ. ಸ್ಮಾರಕವನ್ನು ಸರಿಸುವುದು ಕಟ್ಟಕಡೆಯ ಚಿಕಿತ್ಸೆಯೇ ಹೊರತು ಮೊದಲನೆಯದಲ್ಲ. ಕೈಕಾಲು ಕತ್ತರಿಸುವ ವೈದ್ಯನ ಜಾಣ್ಮೆಯನ್ನು ಮೆಚ್ಚಬಹುದು. ಅದಕ್ಕಾಗಿ ರೋಗವು ಅಲ್ಲಿಯವರೆಗೆ ಬೆಳೆಯಲೆಂದು ಯಾರೂ ಹಾರೈಸರು. ಇಂದು ಯಂತ್ರಬಲವು ಇದೆಯೆಂದು, ನಾಳೆ ಪ್ರತಿಯೊಂದು ರಸ್ತೆಯವರೂ ಪ್ರತಿಯೊಂದು ಹಳೆಯ ಕಟ್ಟಡವನ್ನೂ ಕಂಡು ‘ಎತ್ತಿಡೋಣ’ ಎನ್ನಲು ಮೊದಲಿಟ್ಟರೆ, ನಾಡಿನ ಚರಿತ್ರೆಯು ಉಗ್ರಾಣದ ಸಾಮಾನಿನಂತೆ ಮೂಲೆಯಿಂದ ಮೂಲೆಗೆ ಸರಿಯುತ್ತಿರುವುದು. ಆದರೂ ಕೆಡಹುವುದಕ್ಕೂ ಸರಿಸುವುದಕ್ಕೂ ನಡುವೆ ಆಯಬೇಕಾದಾಗ, ಸರಿಸಿದುದೇ ಸರಿಯೆಂದು ಹೇಳಲು ನಾವು ಹಿಂಜರಿಯುವುದಿಲ್ಲ.

ಇದು ಮೆಚ್ಚತಕ್ಕ ಅಂಶ. ಇನ್ನು ನಾಚತಕ್ಕ ಅಂಶವನ್ನು ಹೇಳುತ್ತೇವೆ. ಈ ಒಂದು ಮದ್ದಿನ ಮನೆಗೆ ಹತ್ತು ಕೋಟಿಗೂ ಮಿಕ್ಕ ಹಣ ಬಂದುದೇಕೆ? ಅದು ಎಲ್ಲಕ್ಕಿಂತ ಹಳೆಯದೆಂದೇ? ಎಲ್ಲಕ್ಕಿಂತ ಸುಂದರವೆಂದೇ? ಅಲ್ಲ, ಅದು ದಾರಿಗೆ ಅಡ್ಡವಾಗಿತ್ತೆಂದು. ಅದೇ ಕೋಟೆಯೊಳಗೆ ಅದರ ಒಡಹುಟ್ಟಿದಂಥ ಇತರ ಮದ್ದಿನ ಮನೆಗಳಿವೆ. ಅವು ಯಾರ ದಾರಿಗೂ ಅಡ್ಡಬರಲಿಲ್ಲ. ಅವುಗಳ ಮೇಲೆ ಗಿಡಗಂಟಿ ಬೆಳೆದ, ಕಸ ಬಿದ್ದ ವರ್ತಮಾನಗಳೇ ಪತ್ರಿಕೆಗಳಲ್ಲಿ ಮರಳಿಮರಳಿ ಬಂದಿವೆ. ಅಡ್ಡಬಂದ ಮಗುವನ್ನು ಎತ್ತಿ ಮುದ್ದಿಸಿ, ಮೂಲೆಯಲ್ಲಿ ಸುಮ್ಮನೆ ಕುಳಿತ ಮಕ್ಕಳನ್ನು ಹಸಿವಿನಲ್ಲಿ ಬಿಟ್ಟ ಹಾಗಾಯಿತು ಇದು. ಗೋಡೆಯ ಬಿರುಕಿನಲ್ಲಿ ಅರಳಿಯ ಸಸಿಯೊಂದು ಮೊಳೆತಾಗ ಅದನ್ನು ಕೀಳಲು ಒಬ್ಬ ಕೂಲಿಯ ಒಂದು ದಿನದ ಸಂಬಳ ಸಾಕು. ಹತ್ತು ವರ್ಷ ಬಿಟ್ಟರೆ ಆ ಬೇರು ಗೋಡೆಯನ್ನು ಸೀಳುವುದು. ಆಗ ಕೋಟಿಯೂ ಸಾಲದು. ಒಂದೇ ಸಾಹಸಕ್ಕೆ ಹಣ ಕೊಡಲು ಸಿದ್ಧವಿರುವ ನಾಡು ನಿತ್ಯದ ಪೋಷಣೆಗೆ ಕೊಡಲು ಮನಸ್ಸು ಮಾಡದಿರುವುದು ಬುದ್ಧಿವಂತಿಕೆಯಲ್ಲ.

ಮೈಸೂರಿನ ಮಹಾಜನರು ಇದನ್ನು ಶ್ರೀರಂಗಪಟ್ಟಣದ ಮಾತೆಂದು ಎಣಿಸಬಾರದು. ನಮ್ಮ ನಗರದ ನಡುವೆಯೇ, ೨೦೧೨ರ ಆಗಸ್ಟಿನಲ್ಲಿ, ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು ಕುಸಿದು ನಾಲ್ಕು ಜನ ಪ್ರಾಣ ಬಿಟ್ಟರು. ೨೦೧೬ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವು ಕುಸಿಯಿತು. ಅಲ್ಲಿ ಶತ್ರುವಿನ ಗುಂಡು ತಗಲಲಿಲ್ಲ, ರೈಲುದಾರಿ ಹಾಯಲಿಲ್ಲ. ಬಿದ್ದ ಮೇಲೆ ಸಮಿತಿಗಳು, ವರದಿಗಳು, ಉಳಿಸಬೇಕೆ ಕೆಡವಬೇಕೆ ಎಂಬ ವರ್ಷಗಟ್ಟಲೆಯ ವಾದವಿವಾದಗಳು. ಶ್ರೀರಂಗಪಟ್ಟಣದಲ್ಲಿ ೧೦೦೦ ಟನ್ನಿನ ಕಟ್ಟಡವು ಬಿರುಕಿಲ್ಲದಂತೆ ಸಾಗಬಹುದಾದರೆ, ಮೈಸೂರಿನಲ್ಲಿ ನಿಂತ ಕಟ್ಟಡವನ್ನು ನಿಂತಲ್ಲಿಯೇ ಕಾಯುವುದು ಅಸಾಧ್ಯವೆಂದು ಹೇಳುವುದಕ್ಕೆ ಯಾರಿಗೂ ಇನ್ನು ಬಾಯಿಲ್ಲ. ವಿದ್ಯೆಯ ಕೊರತೆಯಿಲ್ಲ, ಕೊರತೆಯಿರುವುದು ಮನಸ್ಸಿಗೆ.

ಮತ್ತೊಂದು ಲೋಪವನ್ನೂ ಹೇಳಬೇಕು. ಮದ್ದಿನ ಮನೆಯು ಅಲ್ಲಿ ಇದ್ದುದು ಯಾರಿಗೂ ಗುಟ್ಟಾಗಿರಲಿಲ್ಲ. ನಕ್ಷೆಯ ಮೇಲೆ ಜೋಡಿ ಹಳಿಯ ಗೆರೆಯನ್ನು ಎಳೆದ ದಿನವೇ ಎರಡು ಇಲಾಖೆಯವರೂ ಒಂದೇ ಮೇಜಿನ ಮುಂದೆ ಕುಳಿತಿದ್ದರೆ, ವರ್ಷಗಟ್ಟಲೆಯ ಪತ್ರವ್ಯವಹಾರವು ತಪ್ಪುತ್ತಿತ್ತು. ತಡವಾದ ವಿಚಾರದ ಫಲವನ್ನು ನಾವು ಹಂಪೆಯಲ್ಲಿಯೂ ಕಂಡೆವು. ೧೯೮೬ರಲ್ಲಿ ಲೋಕಪಾರಂಪರ್ಯದ ಪಟ್ಟಿಗೆ ಸೇರಿದ ಹಂಪೆಯು, ತುಂಗಭದ್ರೆಯ ಮೇಲೆ ಕಟ್ಟುತ್ತಿದ್ದ ಸೇತುವೆಗಳ ಕಾರಣದಿಂದ, ೧೯೯೯ರಲ್ಲಿ ಅಪಾಯದಲ್ಲಿರುವ ಸ್ಥಳಗಳ ಪಟ್ಟಿಗೂ ಸೇರಿತು. ೨೦೦೬ರವರೆಗೆ ಆ ಅಪಕೀರ್ತಿಯು ತೊಲಗಲಿಲ್ಲ. ಆನೆಗೊಂದಿಯ ಕಡೆಯ ಸೇತುವೆಯು ೨೦೦೯ರ ಜನವರಿಯಲ್ಲಿ ಕೆಲಸ ನಡೆಯುತ್ತಿರುವಾಗಲೇ ಕುಸಿದು ಕೂಲಿಗಾರರು ಸತ್ತರು. ಹೊಳೆ ದಾಟಲು ಹಳ್ಳಿಯವರಿಗೆ ಸೇತುವೆ ಬೇಕಾದುದೂ ನಿಜ, ಹಂಪೆಯು ಹಂಪೆಯಾಗಿ ಉಳಿಯಬೇಕಾದುದೂ ನಿಜ. ಎರಡನ್ನೂ ಮೊದಲೇ ಕೂಡಿ ಎಣಿಸದ ತಪ್ಪಿಗೆ ಎರಡೂ ಬಹುಕಾಲ ನರಳಿದವು.

ಆದಕಾರಣ ಸರ್ಕಾರದವರ ಮತ್ತು ರೈಲ್ವೆ ಆಡಳಿತದವರ ಲಕ್ಷ್ಯಕ್ಕೆ ನಾವು ಕೆಲವು ಸೂಚನೆಗಳನ್ನು ತರಬಯಸುತ್ತೇವೆ. ಒಂದು, ಹಳಿಯಾಗಲಿ ಹೆದ್ದಾರಿಯಾಗಲಿ ಕಾಲುವೆಯಾಗಲಿ, ಅಳತೆಯ ಮೊದಲ ಹಂತದಲ್ಲಿಯೇ ಪುರಾತತ್ತ್ವ ಇಲಾಖೆಯವರ ನಕ್ಷೆಯನ್ನು ಎಂಜಿನಿಯರುಗಳ ನಕ್ಷೆಯ ಮೇಲೆ ಹಾಸಿ ನೋಡತಕ್ಕದ್ದು; ರಕ್ಷಿತವೆಂದು ಘೋಷಿತವಾದ ಸ್ಮಾರಕಗಳನ್ನು ಮಾತ್ರವಲ್ಲ, ಪಟ್ಟಿಗೆ ಸೇರದ ಕಲ್ಲು ಕಟ್ಟಡಗಳನ್ನೂ ಆಗ ಗುರುತಿಸತಕ್ಕದ್ದು. ಎರಡು, ಯೋಜನೆಯೊಂದು ಒಂದು ಸ್ಮಾರಕವನ್ನು ಮುಟ್ಟಿದಾಗ, ಅದರ ವೆಚ್ಚದಲ್ಲಿ ಒಂದು ಪಾಲನ್ನು ಅದೇ ಸ್ಥಳದ ಇತರ ಸ್ಮಾರಕಗಳ ನಿತ್ಯಪೋಷಣೆಗೆ ಮೀಸಲಿಡತಕ್ಕದ್ದು. ಮೂರು, ಹೊರದೇಶದವರಿಂದ ಮಾಡಿಸಿದ ಕೆಲಸವನ್ನು ನಮ್ಮವರು ನೋಡಿ ಕಲಿಯತಕ್ಕದ್ದು. ವಿದ್ಯೆಯನ್ನು ಎಲ್ಲಿಂದಲಾದರೂ ತರಬಹುದು. ತಂದುದನ್ನು ಮನೆಯಲ್ಲಿ ಬೆಳೆಸದಿದ್ದರೆ ಪ್ರತಿಸಲವೂ ಹೊರಗೆ ಕೈಚಾಚಬೇಕು. ವಿಶ್ವೇಶ್ವರಯ್ಯನವರ ನಾಡಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ಹೊಸದನ್ನು ಕಟ್ಟುವ ಪಾಠದ ಜೊತೆಗೆ, ಸುಣ್ಣದ ಗಾರೆಯ ಹಳೆಯ ಗೋಡೆಯನ್ನು ಉಳಿಸುವ ಪಾಠಕ್ಕೂ ಸಮನಾದ ಗೌರವವು ಸಲ್ಲಬೇಕು. ನಾಲ್ಕು, ಮದ್ದಿನ ಮನೆಯು ಮೊದಲು ನಿಂತಿದ್ದ ಸ್ಥಳವನ್ನೂ, ಅದು ಸರಿದ ದೂರವನ್ನೂ ದಿಕ್ಕನ್ನೂ, ನೋಡಲು ಬಂದವರಿಗೆ ತಿಳಿಯುವಂತೆ ಕನ್ನಡದಲ್ಲಿ ಬರೆದು ನಿಲ್ಲಿಸತಕ್ಕದ್ದು. ಸ್ಥಳವು ಕಳೆದುಹೋದರೂ ಸ್ಥಳದ ನೆನಪು ಕಳೆಯಬಾರದು.

ರೈಲ್ವೆಯವರಿಗೆ ಈ ಮಾತು ಅರ್ಥವಾಗದಿರಲು ಕಾರಣವೇ ಇಲ್ಲ. ಏಕೆಂದರೆ ಅವರ ವಸ್ತುಗಳೂ ಪುರಾತನವಾಗುತ್ತಿವೆ. ೧೯೭೯ರಲ್ಲಿ ಮೈಸೂರಿನಲ್ಲಿ ರೈಲು ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದವರು ರೈಲ್ವೆಯವರೇ. ಅಲ್ಲಿ ಹೋಗಿ ನೋಡಿದರೆ, ಒಂದು ಕಾಲಕ್ಕೆ ಹೊಗೆಯುಗುಳುತ್ತ ಊರೂರ ಜನರನ್ನು ಬೆರಗುಗೊಳಿಸಿದ ಮೀಟರ್ ಗೇಜಿನ ಎಂಜಿನುಗಳು ಬಣ್ಣ ಬಳಿದುಕೊಂಡು ಸುಮ್ಮನೆ ನಿಂತಿವೆ. ಮಹಾರಾಣಿಯವರು ಪ್ರಯಾಣ ಮಾಡುತ್ತಿದ್ದ ಗಾಡಿಯನ್ನು ಮಕ್ಕಳು ಕಿಟಕಿಯಲ್ಲಿ ಇಣುಕಿ ನೋಡುತ್ತಾರೆ. ೧೮೮೨ರಲ್ಲಿ ಹೊಸತೆಂದರೆ ಹೊಸತಾಗಿದ್ದ ಆ ಮೀಟರ್ ಗೇಜು ಇಂದು ಈ ದಾರಿಯಲ್ಲಿ ಇಲ್ಲ. ಅದರ ನೆನಪನ್ನು ಕಾಯುವುದಕ್ಕೆ ಕಟ್ಟಡವೊಂದು ಬೇಕಾಯಿತು. ಇಂದಿನ ವಿದ್ಯುದ್ಬಂಡಿಗೂ ಒಂದು ದಿನ ಈ ಗತಿಯೇ. ಮದ್ದಿನ ಮನೆಯನ್ನು ಇಂದು ಹೇಗೆ ನೋಡಿಕೊಳ್ಳುತ್ತೇವೆಯೋ, ನಮ್ಮ ಸೇತುವೆ ನಿಲ್ದಾಣಗಳನ್ನು ನಾಳಿನವರು ಹಾಗೆಯೇ ನೋಡಿಕೊಂಡಾರು. ಅವರಿಗೆ ಅಭ್ಯಾಸ ಮಾಡಿಸುತ್ತಿರುವವರು ನಾವೇ.

ಮುಂದಿನ ಸಲ ಶ್ರೀರಂಗಪಟ್ಟಣದ ನಿಲ್ದಾಣದಲ್ಲಿ ಗಾಡಿ ನಿಂತಾಗ, ವಾಚಕ ಮಹಾಶಯರು ಕೈಚೀಲವನ್ನು ಹುಡುಕುವ ಮುನ್ನ ಒಂದು ಕ್ಷಣ ಕಿಟಕಿಯ ಹೊರಗೆ ನೋಡಲೆಂದು ನಮ್ಮ ಪ್ರಾರ್ಥನೆ. ಬಿಡುವಿದ್ದವರು ಇಳಿದೇ ನೋಡಬಹುದು. ಸರಿಸಿ ಕೂರಿಸಿದ ಮದ್ದಿನ ಮನೆಯನ್ನು ನೋಡಿ ಎಂಜಿನಿಯರುಗಳನ್ನು ಹೊಗಳಲಿ. ಅನಂತರ ನಾಲ್ಕು ಹೆಜ್ಜೆ ನಡೆದು, ಯಾರ ದಾರಿಗೂ ಅಡ್ಡಬಾರದ ಇತರ ಮದ್ದಿನ ಮನೆಗಳನ್ನೂ ಹುಡುಕಿ ನೋಡಲಿ. ಅವು ಉಳಿಯಬೇಕಾದರೆ ಮತ್ತೊಂದು ರೈಲುದಾರಿಯು ಬಂದು ಅವುಗಳ ಬಾಗಿಲನ್ನು ತಟ್ಟುವವರೆಗೆ ಕಾಯಬೇಕೇ ಎಂಬ ಪ್ರಶ್ನೆಗೆ, ಅಲ್ಲಿ ನಿಂತು, ಅವರವರೇ ಉತ್ತರವನ್ನು ಹೇಳಿಕೊಳ್ಳಲಿ.